ರೋಲ್‌ಬ್ಯಾಕ್ ಇದೆ ಅಂದರೆ ಸಾಕಾ? ‘ಮಾರ್ವೆಲ್ ತೋಕೊನ್’ ಅಭಿಮಾನಿಗಳ ಅನುಮಾನಕ್ಕೆ ಕಾರಣಗಳಿವೆ

ಹೊಸ ಫೈಟಿಂಗ್ ಗೇಮ್‌ನ ಟ್ರೇಲರ್ ಬಂದರೆ ಮೊದಲೆಲ್ಲ ಜನ ಕೇಳುತ್ತಿದ್ದದ್ದು ಒಂದೇ ಮಾತು: ಯಾರು ಯಾರಿದ್ದಾರೆ? ಈಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ನೆಟ್‌ಕೋಡ್ (ಇಂಟರ್ನೆಟ್ ಮೂಲಕ ಇಬ್ಬರ ಆಟವನ್ನು ಹೊಂದಿಸುವ ಕೋಡ್) ಹೇಗಿದೆ? 2025ರ ಜೂನ್‌ನಲ್ಲಿ ಸೋನಿ ‘ಮಾರ್ವೆಲ್ ತೋಕೊನ್: ಫೈಟಿಂಗ್ ಸೋಲ್ಸ್’ ಆಟವನ್ನು ಮೊದಲ ಸಲ ತೋರಿಸಿದಾಗಲೂ ಹೀಗೇ ಆಯಿತು. ಸ್ಪೈಡರ್‌ಮ್ಯಾನ್, ಐರನ್ ಮ್ಯಾನ್, ಸ್ಟಾರ್ಮ್, ಡಾಕ್ಟರ್ ಡೂಮ್ ಎಲ್ಲರೂ ಜಪಾನಿನ ಅನಿಮೆ ವೇಷದಲ್ಲಿ ಕುಣಿದರು. ಮಾಡುತ್ತಿರುವುದು ‘ಗಿಲ್ಟಿ ಗಿಯರ್’ ಫೈಟಿಂಗ್ ಗೇಮ್ ಖ್ಯಾತಿಯ ಜಪಾನಿನ ಕಂಪನಿ ಆರ್ಕ್ ಸಿಸ್ಟಂ ವರ್ಕ್ಸ್. ನಾಲ್ವರ ತಂಡದ ಎದುರು ನಾಲ್ವರ ತಂಡ. ಪ್ಲೇಸ್ಟೇಷನ್ 5 (ಪಿಎಸ್5) ಮತ್ತು ಪಿಸಿಗೆ 2026ರಲ್ಲಿ ಬರುತ್ತದೆ ಅಂದರು. ಹೊಗಳಿಕೆ ಜೋರಾಗಿಯೇ ಇತ್ತು. ಅದರ ಜೊತೆಗೇ ಪ್ರಶ್ನೆಗಳ ಸಾಲೂ ಶುರುವಾಯಿತು. ರೋಲ್‌ಬ್ಯಾಕ್ (ದೂರದಿಂದ ಆಗುವ ತಡವನ್ನು ಮರೆಮಾಡುವ ನೆಟ್‌ಕೋಡ್) ಇದೆಯಾ? ಕ್ರಾಸ್‌ಪ್ಲೇ? ಎದುರಾಳಿ ಹುಡುಕುವ ಲಾಬಿ ಹೇಗೆ? ಪಿಸಿಯಲ್ಲಿ ಪ್ಲೇಸ್ಟೇಷನ್ ಖಾತೆ ಕಡ್ಡಾಯನಾ?

ಉತ್ತರಗಳು ಕಾಗದದ ಮೇಲೆ ಚೆನ್ನಾಗಿವೆ. ರೋಲ್‌ಬ್ಯಾಕ್ ನೆಟ್‌ಕೋಡ್ ಇದೆ. ಪಿಎಸ್5ನವರೂ ಪಿಸಿಯವರೂ ಒಟ್ಟಿಗೆ ಆಡಬಹುದು. 64 ಜನರವರೆಗೆ ಸೇರಬಹುದಾದ ಆನ್‌ಲೈನ್ ಲಾಬಿಯೂ ಇದೆ. ಇಷ್ಟೆಲ್ಲ ಕೊಟ್ಟ ಮೇಲೂ ಅಭಿಮಾನಿಗಳು ಹುಬ್ಬು ಏರಿಸುತ್ತಿದ್ದಾರೆ. ಹೊರಗಿನವರಿಗೆ ಇದು ಬರೀ ಗೊಣಗಾಟ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಈ ಆಟಗಳ ಅಭಿಮಾನಿಗಳಿಗೆ ಆನ್‌ಲೈನ್ ವಿಷಯದಲ್ಲಿ ಇಪ್ಪತ್ತು ವರ್ಷದ ಕಹಿ ಅನುಭವ ಇದೆ. ಅದಕ್ಕಿಂತ ಮುಖ್ಯವಾಗಿ, ಆ ಕಾಯಿಲೆಗೆ ಔಷಧಿ ಕಂಡುಹಿಡಿದವರೂ ಅವರೇ.

ಒಂದು ಏಟು ತಂತಿಯಲ್ಲಿ ಹೇಗೆ ಸಾಗುತ್ತದೆ

ಮೊದಲು ಸಮಸ್ಯೆ ಏನು ಅಂತ ನೋಡೋಣ. ಐಪಿಎಲ್ ಮ್ಯಾಚನ್ನು ಮೊಬೈಲ್‌ನಲ್ಲಿ ನೋಡುತ್ತಿರುವಾಗ, ನಿಮ್ಮ ಪರದೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ, ಅಷ್ಟರಲ್ಲಿ ಪಕ್ಕದ ಮನೆಯ ಟಿವಿ ಮುಂದೆ ಕೂತವರು ‘ಔಟ್!’ ಅಂತ ಕೂಗಿಬಿಡುತ್ತಾರೆ ಅಲ್ವಾ? ನೋಡುವುದು ಒಂದೇ ಮ್ಯಾಚ್, ಆದರೆ ಒಂದೇ ಕ್ಷಣ ಅಲ್ಲ. ನೋಡುವವರಿಗೆ ಇದು ತಮಾಷೆ. ಆಡುವವರಿಗೇ ಹೀಗಾದರೆ?

ಫೈಟಿಂಗ್ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರ, ಓಡುತ್ತವೆ. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಬೇಗನೆ ಬೀಳುವ ಒಂದು ಪಂಚ್ ಬಟನ್ ಒತ್ತಿದ ಐದನೇ ಫ್ರೇಮಿಗೆ ಎದುರಾಳಿಗೆ ತಾಗುತ್ತದೆ ಅಂತಿಟ್ಟುಕೊಳ್ಳಿ. ಇಬ್ಬರ ನಡುವೆ ಪಿಂಗ್ 100 ಮಿಲಿಸೆಕೆಂಡ್. ಅಂದರೆ ಹೋಗಿ ಬರಲು 100, ಒಂದು ಕಡೆಗೆ 50. ಫ್ರೇಮ್ ಲೆಕ್ಕದಲ್ಲಿ ಮೂರು. ಎದುರಾಳಿ ಪಂಚ್ ಒತ್ತಿದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮೂರು ಫ್ರೇಮ್ ಕಳೆದುಹೋಗಿರುತ್ತದೆ.

ಹಳೆಯ ವಿಧಾನ, ಅಂದರೆ ಡಿಲೇ ನೆಟ್‌ಕೋಡ್, ಆ ಸುದ್ದಿ ಬರುವವರೆಗೆ ಕಾಯುತ್ತದೆ. ನಾನು ಒತ್ತಿದ ಬಟನ್ ಕೂಡ ಮೂರು ಫ್ರೇಮ್ ತಡವಾಗಿ ಕೆಲಸ ಮಾಡುತ್ತದೆ. ಇಷ್ಟೇ ಆಗಿದ್ದರೆ ಒಗ್ಗಿಕೊಳ್ಳಬಹುದಿತ್ತು. ಆದರೆ ಇಂಟರ್ನೆಟ್ ಒಂದೇ ಹದದಲ್ಲಿ ಇರುವುದಿಲ್ಲ. ಈ ಕ್ಷಣ ಮೂರು ಫ್ರೇಮ್, ಮುಂದಿನ ಕ್ಷಣ ಏಳು, ಆಮೇಲೆ ನಾಲ್ಕು. ತಿಂಗಳುಗಟ್ಟಲೆ ಬೆರಳಿಗೆ ಕಲಿಸಿದ ಕಾಂಬೊ (ಒಂದರ ಹಿಂದೊಂದು ಬೀಳುವ ಏಟುಗಳ ಸಾಲು) ಅರ್ಧಕ್ಕೇ ಬಿದ್ದುಹೋಗುತ್ತದೆ. ನೀರಿನೊಳಗೆ ಆಡಿದ ಹಾಗಿದೆ ಅಂತ ಆಟಗಾರರು ಬೈಯುತ್ತಿದ್ದದ್ದು ಇದಕ್ಕೇ.

ರೋಲ್‌ಬ್ಯಾಕ್ ಕಾಯುವುದಿಲ್ಲ, ಊಹಿಸುತ್ತದೆ. ಎದುರಾಳಿ ಈಗ ಏನು ಮಾಡುತ್ತಿದ್ದಾನೋ ಅದನ್ನೇ ಮುಂದುವರಿಸುತ್ತಾನೆ ಅಂದುಕೊಂಡು ಆಟವನ್ನು ಓಡಿಸುತ್ತದೆ. ಇದು ಪೆದ್ದು ಊಹೆ ಅನಿಸಬಹುದು. ಆದರೆ ಎಷ್ಟೇ ಚುರುಕಿನ ಆಟಗಾರನೂ ಸೆಕೆಂಡಿಗೆ 60 ಸಲ ಬಟನ್ ಬದಲಿಸಲಾರ. ಹಾಗಾಗಿ ಊಹೆ ಬಹುಪಾಲು ಸರಿಯಾಗಿಯೇ ಇರುತ್ತದೆ. ತಪ್ಪಾದಾಗ ಮಾತ್ರ ಆಟ ಹಿಂದಕ್ಕೆ ಹೋಗುತ್ತದೆ. ನನ್ನ ಪರದೆಯಲ್ಲಿ ಎದುರಾಳಿ ಮೂರು ಫ್ರೇಮ್ ಸುಮ್ನೆ ನಿಂತಿದ್ದ. ಈಗ ಸುದ್ದಿ ಬಂತು, ಅವನು ಆಗಲೇ ಪಂಚ್ ಒತ್ತಿದ್ದನಂತೆ. ಆಟ ಮೂರು ಫ್ರೇಮ್ ಹಿಂದಿನ ಸ್ಥಿತಿಗೆ ಮರಳಿ, ಆ ಪಂಚನ್ನು ಸೇರಿಸಿ, ಮೂರು ಫ್ರೇಮ್‌ಗಳನ್ನೂ ಮತ್ತೆ ಲೆಕ್ಕ ಹಾಕಿ, ಹೊಸ ಚಿತ್ರ ತೋರಿಸುತ್ತದೆ. ಇದೆಲ್ಲ ಒಂದೇ ಫ್ರೇಮಿನ ಅವಧಿಯಲ್ಲಿ ಮುಗಿಯಬೇಕು.

ನನಗೆ ಕಾಣುವುದೇನು? ಅರ್ಧ ದಾರಿ ದಾಟಿರುವ ಪಂಚ್. ಅದರ ಮೊದಲ ಮೂರು ಫ್ರೇಮ್ ನನ್ನ ಕಣ್ಣಿಗೆ ಬೀಳಲೇ ಇಲ್ಲ. 20 ಫ್ರೇಮ್ ತೆಗೆದುಕೊಳ್ಳುವ ನಿಧಾನದ ಒದೆತವಾದರೆ 17 ಫ್ರೇಮ್ ಕಾಣುತ್ತದೆ, ಹೆಚ್ಚು ಕಡಿಮೆ ಗೊತ್ತೇ ಆಗುವುದಿಲ್ಲ. ಐದು ಫ್ರೇಮಿನ ಪಂಚ್‌ನಲ್ಲಿ ಉಳಿಯುವುದು ಎರಡೇ. ಅದನ್ನು ನೋಡಿ ತಡೆಯಲು ಈ ತಡ, ಅಂದರೆ ಲ್ಯಾಗ್, ಇಲ್ಲದಿದ್ದರೂ ಯಾರಿಂದಲೂ ಆಗುತ್ತಿರಲಿಲ್ಲ, ಆ ಮಾತು ಬೇರೆ. ಒಟ್ಟಿನಲ್ಲಿ ದೂರದಿಂದ ಆಗುವ ತಡವನ್ನು ರೋಲ್‌ಬ್ಯಾಕ್ ಅಳಿಸುವುದಿಲ್ಲ. ನೋವು ಕಡಿಮೆ ಆಗುವ ಜಾಗಕ್ಕೆ ಅದನ್ನು ತಳ್ಳುತ್ತದೆ. ನನ್ನ ಬಟನ್ ನನ್ನ ಮಾತು ಕೇಳುತ್ತದೆ, ಬೆಲೆ ಕಣ್ಣು ತೆರುತ್ತದೆ. ಆಟಗಾರರಿಗೆ ಈ ವ್ಯಾಪಾರ ಒಪ್ಪಿಗೆ.

ಕಂಪನಿಗಳಿಗಿಂತ ಮೊದಲು ಅಭಿಮಾನಿಗಳು

2006ರ ಸುಮಾರಿಗೆ ಎಕ್ಸ್‌ಬಾಕ್ಸ್ 360ಗೆ ಹಳೆಯ ‘ಸ್ಟ್ರೀಟ್ ಫೈಟರ್ 2’ರ ಆನ್‌ಲೈನ್ ಆವೃತ್ತಿ ಬಂತು. ಲ್ಯಾಗ್ ತಾಳಲಾರದೆ ಅಭಿಮಾನಿ ಟೋನಿ ಕ್ಯಾನನ್ ತಾನೇ ಒಂದು ರೋಲ್‌ಬ್ಯಾಕ್ ನೆಟ್‌ಕೋಡ್ ಬರೆಯಲು ಕೂತರು. ಅದೇ ಜಿಜಿಪಿಒ. ಅವರು ಮತ್ತು ಅವರ ಅವಳಿ ಸಹೋದರ ಟಾಮ್, ಜಗತ್ತಿನ ಅತಿ ದೊಡ್ಡ ಫೈಟಿಂಗ್ ಗೇಮ್ ಟೂರ್ನಿ ‘ಇವೋ’ ಕಟ್ಟಿದವರಲ್ಲಿ ಇಬ್ಬರು. 2019ರಲ್ಲಿ ಜಿಜಿಪಿಒ ಕೋಡನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಕೊಟ್ಟರು. ಆ ಹೊತ್ತಿಗೂ ಜಪಾನಿನ ದೊಡ್ಡ ಕಂಪನಿಗಳಲ್ಲಿ ಹಲವು ಡಿಲೇ ನೆಟ್‌ಕೋಡನ್ನೇ ಹಿಡಿದು ಕೂತಿದ್ದವು. ಅಲ್ಲಿ ಆಟಗಾರರು ಹತ್ತಿರ ಹತ್ತಿರ ಇರುತ್ತಾರೆ, ಇಂಟರ್ನೆಟ್ ಗಟ್ಟಿ, ಆರ್ಕೇಡ್‌ಗಳೂ ಇದ್ದವು. ಅಮೆರಿಕದ ಎರಡು ತುದಿಯವರ ಕಷ್ಟ ಟೋಕಿಯೊದಲ್ಲಿ ಕೂತವರಿಗೆ ತಟ್ಟುತ್ತಿರಲಿಲ್ಲ ಅಂತ ಕಾಣುತ್ತದೆ.

2020ರಲ್ಲಿ ಕೊರೊನಾ ಬಂದು ಎಲ್ಲರನ್ನೂ ಮನೆಯಲ್ಲಿ ಕೂರಿಸಿತು. ಆಗ ಬಣ್ಣ ಬಯಲಾಯಿತು. ಇವೋ ಆನ್‌ಲೈನ್ ಟೂರ್ನಿ ಘೋಷಿಸಿದಾಗ ಹೊಸದಾಗಿ ಸೇರಿಸಿದ ನಾಲ್ಕು ಆಟಗಳೂ ಒಳ್ಳೆಯ ರೋಲ್‌ಬ್ಯಾಕ್ ಇದ್ದವು. ಅದರಲ್ಲಿ 2012ರ ‘ಸ್ಕಲ್‌ಗರ್ಲ್ಸ್’ ಇತ್ತು, 2013ರ ‘ಕಿಲ್ಲರ್ ಇನ್‌ಸ್ಟಿಂಕ್ಟ್’ ಇತ್ತು. ಆ ಟೂರ್ನಿ ಬೇರೆ ಕಾರಣಕ್ಕೆ ರದ್ದಾಯಿತು, ಆದರೆ ಸಂದೇಶ ತಲುಪಿತು. ಅದೇ ವರ್ಷದ ಜೂನ್‌ನಲ್ಲಿ ಇನ್ನೂ ವಿಚಿತ್ರ ನಡೆಯಿತು. ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ ನಿಂಟೆಂಡೊದ 2001ರ ಆಟ. ಅದಕ್ಕೆ ಆನ್‌ಲೈನ್ ಅನ್ನುವುದೇ ಇರಲಿಲ್ಲ. ಅಭಿಮಾನಿಗಳು ‘ಸ್ಲಿಪ್ಪಿ’ ಎಂಬ ಯೋಜನೆಯಲ್ಲಿ ಅದಕ್ಕೆ ರೋಲ್‌ಬ್ಯಾಕ್ ಜೋಡಿಸಿಬಿಟ್ಟರು. ಹತ್ತೊಂಬತ್ತು ವರ್ಷದ ಈ ಹಳೆಯ ಆಟ ನಿಂಟೆಂಡೊದ ಆಗಿನ ಹೊಸ ಸ್ಮ್ಯಾಶ್ ಆಟಕ್ಕಿಂತ ಆನ್‌ಲೈನ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು! ಅದನ್ನು ಬಳಸಿ ಟೂರ್ನಿ ಮಾಡಲು ಹೊರಟವರಿಗೆ ನಿಂಟೆಂಡೊ ನೋಟಿಸ್ ಕಳಿಸಿತು ಅನ್ನುವುದು ಕಥೆಯ ಬೇಸರದ ಭಾಗ.

ಆದರೆ ‘ರೋಲ್‌ಬ್ಯಾಕ್’ ಅಂತ ಡಬ್ಬಿಯ ಮೇಲೆ ಬರೆದರೆ ಸಾಕಾಗುವುದಿಲ್ಲ ಅನ್ನುವ ಪಾಠವೂ ಇದೇ ಕಾಲದ್ದು. 2016ರ ‘ಸ್ಟ್ರೀಟ್ ಫೈಟರ್ 5’ರಲ್ಲಿ ರೋಲ್‌ಬ್ಯಾಕ್ ಇತ್ತು. ಆದರೂ ಒಬ್ಬನಿಗೆ ಆಟ ನಯವಾಗಿ ಓಡಿದರೆ ಇನ್ನೊಬ್ಬನಿಗೆ ಎದುರಾಳಿ ಅಲ್ಲಿಂದ ಇಲ್ಲಿಗೆ ಮಾಯವಾಗಿ ಹಾರುತ್ತಿದ್ದ. ಇಬ್ಬರ ಯಂತ್ರಗಳ ಗಡಿಯಾರ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದು ಕಡೆಯ ಆಟ ಸ್ವಲ್ಪ ಮುಂದೆ ಓಡಿದರೆ ಹಿಂದಕ್ಕೆ ಹೋಗುವ ಕಷ್ಟವೆಲ್ಲ ಒಬ್ಬನ ತಲೆಗೇ ಬೀಳುತ್ತದೆ. ವರ್ಷಗಟ್ಟಲೆ ಜನ ಕೂಗಿದರು. 2020ರ ಆರಂಭದಲ್ಲಿ ಒಬ್ಬ ಆಟಗಾರ ಪಿಸಿ ಆವೃತ್ತಿಗೆ ತಾನೇ ಒಂದು ಮಾಡ್ (ಆಟವನ್ನು ತಿದ್ದುವ ಪುಟ್ಟ ಪ್ರೋಗ್ರಾಂ) ಬರೆದು ದೋಷ ಎಲ್ಲಿದೆ ಅಂತ ತೋರಿಸಿದ. ಆಮೇಲೆ ಆಟದ ಕಂಪನಿ ಕ್ಯಾಪ್‌ಕಾಮ್ ಕೂಡ ಅಪ್‌ಡೇಟ್ ತಂದಿತು. 2023ರ ‘ಸ್ಟ್ರೀಟ್ ಫೈಟರ್ 6’ ಹೊತ್ತಿಗೆ ಅದೇ ಕಂಪನಿ ಆನ್‌ಲೈನ್ ವಿಷಯದಲ್ಲಿ ಮೆಚ್ಚುಗೆ ಪಡೆಯಿತು. ಹೀಗೆ ಒಂದೇ ಹೆಸರಿನ ತಂತ್ರಜ್ಞಾನ ಒಂದು ಆಟದಲ್ಲಿ ಕೆಟ್ಟದಾಗಿ, ಇನ್ನೊಂದರಲ್ಲಿ ಚೆನ್ನಾಗಿ ಬಂದಿದ್ದನ್ನು ನೋಡಿದವರು ತೋಕೊನ್ ಬಗ್ಗೆ ‘ಆಡಿ ನೋಡಿ ಹೇಳ್ತೀವಿ’ ಅಂದರೆ ಅದರಲ್ಲಿ ತಪ್ಪೇನಿದೆ?

ನಾಲ್ವರು ಸೇರಿದರೆ ಯಂತ್ರಕ್ಕೆ ಎಷ್ಟು ಭಾರ

ತೋಕೊನ್ ವಿಷಯದಲ್ಲಿ ಒಂದು ವಿಶೇಷ ಚಿಂತೆ ಇದೆ. ಮೇಲೆ ಹೇಳಿದ ಹಾಗೆ ರೋಲ್‌ಬ್ಯಾಕ್ ಅಂದರೆ ಹಳೆಯ ಫ್ರೇಮ್‌ಗಳನ್ನು ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಲೆಕ್ಕ ಹಾಕುವುದು. ‘ಮಾರ್ಟಲ್ ಕಾಂಬ್ಯಾಟ್’ ತಂಡದ ಒಬ್ಬ ಎಂಜಿನಿಯರ್ ಗೇಮ್ ತಯಾರಕರ 2018ರ ಜಿಡಿಸಿ ಸಮ್ಮೇಳನದಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಅವರ ಗುರಿ 16 ಮಿಲಿಸೆಕೆಂಡಿನಲ್ಲಿ ಎಂಟು ಫ್ರೇಮ್. ಮಾಮೂಲಿ ಆಟಕ್ಕೆ ಒಂದು ಫ್ರೇಮಿಗೆ ಸಿಗುವ ಸಮಯದಲ್ಲಿ ಎಂಟರ ಕೆಲಸ. ಅದೂ ಇಬ್ಬರೇ ಇರುವ ಆಟದಲ್ಲಿ.

ತೋಕೊನ್‌ನಲ್ಲಿ ಪಂದ್ಯ ಶುರುವಾಗುವಾಗ ಆಟಗಾರನ ಕೈಯಲ್ಲಿ ಒಂದು ಮುಖ್ಯ ಪಾತ್ರ, ಸಹಾಯಕ್ಕೆ ಇನ್ನೊಂದು. ಹೊಡೆದಾಟ ಮುಂದುವರಿದಂತೆ ತಂಡದ ಉಳಿದವರು ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ಕೊನೆಗೆ ಎರಡೂ ಕಡೆ ಸೇರಿ ಎಂಟು ಪಾತ್ರಗಳು. ಅವರ ಬಾಣ, ಬೆಂಕಿ, ಮಿಂಚು, ಜೇಡನ ಬಲೆ, ಒಡೆದು ಬೀಳುವ ಗೋಡೆ. ಎಲ್ಲದರ ಸ್ಥಿತಿಯನ್ನೂ ಪ್ರತಿ ಫ್ರೇಮಿನಲ್ಲಿ ಉಳಿಸಿಟ್ಟು, ಬೇಕಾದಾಗ ಹಿಂದಕ್ಕೆ ಎಳೆಯಬೇಕು. ಹೊಸ ಯಂತ್ರಗಳಿಗೆ ಇದು ಆಗದ ಕೆಲಸವೇನಲ್ಲ. ಆದರೆ ಕಡಿಮೆ ಬೆಲೆಯ ಪಿಸಿಯಲ್ಲಿ ಆಡುವವನ ಆಟ ನಿಧಾನವಾದರೆ, ದುಬಾರಿ ಪಿಎಸ್5 ಇಟ್ಟುಕೊಂಡ ಎದುರಾಳಿಗೂ ಅದರ ಬಿಸಿ ತಟ್ಟುತ್ತದೆ. ಕ್ರಾಸ್‌ಪ್ಲೇ ಬೇಕು ಅಂತ ಕೇಳುವ ಜನವೇ ‘ಪಿಸಿಯವರ ಯಂತ್ರವನ್ನು ಮೊದಲು ಪರೀಕ್ಷೆ ಮಾಡಿ ಒಳಗೆ ಬಿಡಿ’ ಅಂತ ಕೇಳುವುದು ಇದಕ್ಕೇ.

ಇಲ್ಲಿ ಆರ್ಕ್ ಸಿಸ್ಟಂ ವರ್ಕ್ಸ್‌ನ ಇತಿಹಾಸವನ್ನೂ ಜನ ಮರೆತಿಲ್ಲ. ಅವರದೇ ‘ಡ್ರ್ಯಾಗನ್ ಬಾಲ್ ಫೈಟರ್‌ಝೀ’ ಮೂವರ ತಂಡದ ಆಟ. 2018ರ ಜನವರಿಯಲ್ಲಿ ಡಿಲೇ ನೆಟ್‌ಕೋಡ್ ಜೊತೆ ಬಂತು. ರೋಲ್‌ಬ್ಯಾಕ್ ಕೊಡುತ್ತೇವೆ ಅಂತ ಹೇಳಿದ್ದು 2022ರ ಇವೋದಲ್ಲಿ. ಅದು ನಿಜವಾಗಿ ಕೈಗೆ ಸಿಕ್ಕಿದ್ದು 2024ರಲ್ಲಿ, ಅದೂ ಪಿಸಿ ಮತ್ತು ಹೊಸ ತಲೆಮಾರಿನ ಕನ್ಸೋಲ್‌ಗಳಿಗೆ ಮಾತ್ರ. ಪಿಎಸ್4, ಸ್ವಿಚ್ ಇಟ್ಟುಕೊಂಡವರಿಗೆ ಏನೂ ಇಲ್ಲ. ಆರು ವರ್ಷ ಕಾದವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ಬೇರೆ ಆಟಕ್ಕೆ ಹೋಗಿಬಿಟ್ಟಿದ್ದರು.

ಅದೇ ಕಂಪನಿ ಮಾತು ಕೇಳಿದ ಉದಾಹರಣೆಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ‘ಗಿಲ್ಟಿ ಗಿಯರ್ ಸ್ಟ್ರೈವ್’ನ 2020ರ ಬೀಟಾ (ಬಿಡುಗಡೆಗೆ ಮುಂಚಿನ ಪರೀಕ್ಷೆ) ಡಿಲೇ ನೆಟ್‌ಕೋಡ್‌ನಲ್ಲೇ ನಡೆಯಿತು, ಜನ ಬೇಸರಪಟ್ಟರು. 2021ರ ಫೆಬ್ರವರಿಯ ಬೀಟಾ ರೋಲ್‌ಬ್ಯಾಕ್ ಜೊತೆ ಬಂತು. ಪಂದ್ಯಗಳು ಖಂಡ ದಾಟಿದರೂ ಬೆಣ್ಣೆಯ ಹಾಗೆ ನಯವಾಗಿ ಓಡಿದವು. ಆದರೆ ಪಂದ್ಯಕ್ಕೆ ತಲುಪುವುದೇ ಒಂದು ಸಾಹಸ ಆಗಿತ್ತು. ಲಾಬಿಯಲ್ಲಿ ಪುಟ್ಟ ಗೊಂಬೆಯಂಥ ಆಕೃತಿಯನ್ನು ಓಡಾಡಿಸಿ, ಇನ್ನೊಂದು ಗೊಂಬೆಯ ಎದುರು ನಿಲ್ಲಿಸಿ, ಕತ್ತಿ ಹಿರಿದು ಕಾಯಬೇಕು. ಸಂಪರ್ಕ ಆದರೆ ಆಯಿತು, ಇಲ್ಲದಿದ್ದರೆ ಮತ್ತೆ ಮೊದಲಿಂದ. ಜನ ಅದರ ಮೇಲೆ ಎಷ್ಟು ದೂರು ಹೇಳಿದರೆಂದರೆ, ಏಪ್ರಿಲ್‌ನಲ್ಲಿ ಬರಬೇಕಿದ್ದ ಆಟವನ್ನು ಜೂನ್ 11ಕ್ಕೆ ಮುಂದೂಡಿದರು. ಲಾಬಿ ಮತ್ತು ಸರ್ವರ್ ಸುಧಾರಿಸಲು ಸಮಯ ಬೇಕು ಅಂತಲೇ ಕಾರಣ ಕೊಟ್ಟರು.

ಆದರೂ ಬಿಡುಗಡೆಯಾದ ಮೇಲೆ ಇನ್ನೊಂದು ತಲೆನೋವು ಉಳಿದಿತ್ತು. ಆಟ ತೆರೆದ ಕೂಡಲೇ ಅದು ಸರ್ವರ್ ಜೊತೆ ಮಾತಾಡಲು ಶುರು ಮಾಡುತ್ತಿತ್ತು, ಆ ಮಾತು ನಿಮಿಷಗಟ್ಟಲೆ ಮುಗಿಯುತ್ತಿರಲಿಲ್ಲ. ಕುತೂಹಲ ತಡೆಯದ ಒಬ್ಬ ಅಭಿಮಾನಿ ಒಳಗೆ ಇಣುಕಿ ನೋಡಿದ. ಪ್ರತಿಯೊಂದು ಸಣ್ಣ ಮಾಹಿತಿಗೂ ಆಟ ಹೊಸದಾಗಿ ಸಂಪರ್ಕ ಶುರು ಮಾಡುತ್ತಿತ್ತು. ಒಂದು ಸಲ ಕೈಕುಲುಕಿ ಎಲ್ಲ ಕೇಳುವ ಬದಲು, ಒಂದೊಂದು ಪ್ರಶ್ನೆಗೂ ಬಾಗಿಲು ತಟ್ಟಿ ಪರಿಚಯ ಹೇಳಿಕೊಳ್ಳುವುದು. ಸರ್ವರ್‌ನಿಂದ ನೀವು ದೂರ ಇದ್ದಷ್ಟೂ ಕಾಯುವುದು ಜಾಸ್ತಿ. ಸಂಪರ್ಕವನ್ನು ಮುಚ್ಚದೆ ಇಟ್ಟುಕೊಳ್ಳುವ ಒಂದು ಚಿಕ್ಕ ಪ್ರೋಗ್ರಾಂ ಅಭಿಮಾನಿಗಳ ಕಡೆಯಿಂದಲೇ ಬಂತು, ಕಾಯುವ ಹೊತ್ತು ಸೆಕೆಂಡುಗಳಿಗೆ ಇಳಿಯಿತು.

ತೋಕೊನ್‌ನ 64 ಜನರ ಲಾಬಿ ಅಂದಾಗ ಸ್ಟ್ರೈವ್ ಆಡಿದವರ ಮುಖ ಸಣ್ಣದಾಗಿದ್ದು ಯಾಕೆ ಅಂತ ಈಗ ಗೊತ್ತಾಗಿರಬೇಕು. ಜಪಾನಿನ ಆರ್ಕೇಡ್ ವಾತಾವರಣವನ್ನು ಪರದೆಗೆ ತರುವ ಆಸೆ ಈ ಕಂಪನಿಗೆ ಮೊದಲಿಂದಲೂ ಇದೆ. ಅದು ಕೆಟ್ಟ ಆಸೆಯೇನಲ್ಲ. ಶನಿವಾರ ರಾತ್ರಿ ನಾಲ್ಕೈದು ಸ್ನೇಹಿತರು ಸೇರಿದಾಗ ಲಾಬಿ ಖುಷಿ ಕೊಡುತ್ತದೆ. ಆದರೆ ಆಫೀಸಿಂದ ಬಂದು, ಊಟ ಮುಗಿಸಿ, ಮಲಗುವ ಮುಂಚೆ ಅರ್ಧ ಗಂಟೆ ಆಡುವವನಿಗೆ ಗೊಂಬೆ ಓಡಾಡಿಸಲು ಪುರುಸೊತ್ತಿಲ್ಲ. ಅವನು ಟ್ರೈನಿಂಗ್ ಮೋಡ್‌ನಲ್ಲಿ ಕಾಂಬೊ ಅಭ್ಯಾಸ ಮಾಡುತ್ತಿರಬೇಕು, ಎದುರಾಳಿ ಸಿಕ್ಕ ಕೂಡಲೇ ಪಂದ್ಯ ಶುರುವಾಗಬೇಕು. ‘ಸ್ಟ್ರೀಟ್ ಫೈಟರ್ 6’ ಎರಡನ್ನೂ ಕೊಟ್ಟಿತು. ಓಡಾಡಬೇಕಾದವರಿಗೆ ಬ್ಯಾಟಲ್ ಹಬ್, ಬೇಡದವರಿಗೆ ಮೆನುವಿನಿಂದ ನೇರ ಪಂದ್ಯ. ಅದನ್ನು ಒಮ್ಮೆ ಕಂಡವರು ಅದಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ.

ಬೆಂಗಳೂರಿಂದ ನೋಡಿದರೆ

ಈ ಚರ್ಚೆಯ ದನಿ ಹೆಚ್ಚಾಗಿ ಅಮೆರಿಕ, ಯುರೋಪ್, ಜಪಾನಿನದು. ಅಲ್ಲಿನವರಿಗೆ ಹತ್ತಿರದಲ್ಲೇ ಎದುರಾಳಿಗಳು ಸಿಗುತ್ತಾರೆ. ನಮ್ಮ ಲೆಕ್ಕ ಬೇರೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸಿಂಗಾಪುರ ನೇರ ದಾರಿಯಲ್ಲಿ 3,200 ಕಿ.ಮೀ. ಆಸುಪಾಸು. ಒಂದು ಕಡೆಗೆ 16 ಮಿಲಿಸೆಕೆಂಡ್, ಅಂದರೆ ಒಂದು ಫ್ರೇಮ್. ಟೋಕಿಯೊ 6,700 ಕಿ.ಮೀ., ಎರಡು ಫ್ರೇಮ್. ಇದು ತಂತಿ ನೇರವಾಗಿ ಎಳೆದಿದ್ದರೆ ಬರುವ ಲೆಕ್ಕ. ನಿಜವಾದ ಕೇಬಲ್ ಚೆನ್ನೈ ತೀರಕ್ಕೆ ಹೋಗಿ, ಸಮುದ್ರಕ್ಕಿಳಿದು, ಸುತ್ತು ಹಾಕಿಕೊಂಡು ಹೋಗುತ್ತದೆ. ನಡುವಿನ ಪ್ರತಿ ರೂಟರ್ ತನ್ನ ಪಾಲು ಕೇಳುತ್ತದೆ. ಇದನ್ನು ಯಾವ ಕಂಪನಿಯೂ ಯಾವ ಕೋಡಿನಿಂದಲೂ ಕಡಿಮೆ ಮಾಡಲಾಗದು.

‘ಭಾರತಕ್ಕೊಂದು ಸರ್ವರ್ ಕೊಡಿ’ ಅನ್ನುವ ಬೇಡಿಕೆ ಇಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಶೂಟಿಂಗ್ ಗೇಮ್‌ಗಳಿಗೆ ಅದು ಸರಿಯಾದ ಬೇಡಿಕೆ, ಅಲ್ಲಿ ಪಂದ್ಯ ಸರ್ವರ್ ಮೇಲೇ ನಡೆಯುತ್ತದೆ. ಫೈಟಿಂಗ್ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಇಬ್ಬರು ಆಟಗಾರರ ಯಂತ್ರಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಸರ್ವರ್ ಕೆಲಸ ಜೋಡಿ ಹುಡುಕುವುದು, ಫಲಿತಾಂಶ ಬರೆದಿಡುವುದು. ಹಾಗಾಗಿ ಮುಂಬೈನಲ್ಲಿ ಸರ್ವರ್ ಇಟ್ಟರೂ ಟೋಕಿಯೊದ ಎದುರಾಳಿ ಹತ್ತಿರ ಬರುವುದಿಲ್ಲ. ನಮಗೆ ಬೇಕಾದದ್ದು ಹತ್ತಿರದ ಎದುರಾಳಿಗಳು. ಮೈಸೂರು, ಹೈದರಾಬಾದ್, ಪುಣೆಯಲ್ಲಿ ಅದೇ ಹೊತ್ತಿಗೆ ಅದೇ ಆಟ ತೆರೆದು ಕೂತವರು. ಅವರ ಸಂಖ್ಯೆ ಕಡಿಮೆ. ಕ್ರಾಸ್‌ಪ್ಲೇ ಇಲ್ಲಿ ಬರೀ ಸೌಕರ್ಯ ಅಲ್ಲ, ಇರುವ ಕೆಲವೇ ಜನರನ್ನು ಪಿಎಸ್5, ಪಿಸಿ ಅಂತ ಮತ್ತೆ ಇಬ್ಭಾಗ ಮಾಡದಿರುವ ಉಪಾಯ. ಒಳ್ಳೆಯ ರೋಲ್‌ಬ್ಯಾಕ್ ಇದ್ದರೆ ಸಿಂಗಾಪುರದವರನ್ನೂ ಕೊಲ್ಲಿ ದೇಶಗಳವರನ್ನೂ ನೆರೆಯವರ ಲೆಕ್ಕಕ್ಕೆ ಸೇರಿಸಬಹುದು. ದುಬೈ, ದೋಹಾದಲ್ಲಿರುವ ಕನ್ನಡದ ಹುಡುಗರ ಜೊತೆ ಆಡುವುದೂ ಆಗ ಬಾಯಿಮಾತಿನ ಆಸೆ ಆಗಿ ಉಳಿಯುವುದಿಲ್ಲ.

ಉಳಿದೆಲ್ಲ ಸರಿ ಇದ್ದರೂ ಕೇಬಲ್ ಕೈಕೊಡಬಹುದು. ತೋಕೊನ್‌ನ ಮೊದಲ ಕ್ಲೋಸ್ಡ್ ಬೀಟಾ (ಆಯ್ದವರಿಗೆ ಮಾತ್ರ) ನಡೆದದ್ದು 2025ರ ಸೆಪ್ಟೆಂಬರ್ 5ರಿಂದ 7ರವರೆಗೆ, ಪಿಎಸ್5ನಲ್ಲಿ. ಅದೇ ವಾರಾಂತ್ಯ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾಗಿ ಭಾರತ, ಪಾಕಿಸ್ತಾನ, ಕೊಲ್ಲಿ ದೇಶಗಳ ಇಂಟರ್ನೆಟ್ ನಿಧಾನವಾಯಿತು. ಪಶ್ಚಿಮದ ಕಡೆಯ ಎದುರಾಳಿ ಇದ್ದಕ್ಕಿದ್ದಂತೆ ದೂರದವನಾದರೆ ಅದು ನೆಟ್‌ಕೋಡ್ ತಪ್ಪಲ್ಲ. ಆದರೆ ಪರದೆ ಮುಂದೆ ಕೂತವನಿಗೆ ಅದು ಹೇಗೆ ಗೊತ್ತಾಗಬೇಕು? ಪಂದ್ಯಕ್ಕೆ ಮೊದಲು ಪಿಂಗ್ ಎಷ್ಟು, ಆಟದ ನಡುವೆ ಎಷ್ಟು ಫ್ರೇಮ್ ಹಿಂದಕ್ಕೆ ಹೋಗುತ್ತಿದೆ ಅಂತ ಅಂಕಿಯಲ್ಲೇ ತೋರಿಸಿ ಎಂಬ ಬೇಡಿಕೆ ಇದರಿಂದಲೇ ಹುಟ್ಟಿದ್ದು. ಮೂರು ಕಡ್ಡಿ, ನಾಲ್ಕು ಕಡ್ಡಿಯ ಸಿಗ್ನಲ್ ಚಿಹ್ನೆ ಯಾರಿಗೂ ಏನೂ ಹೇಳುವುದಿಲ್ಲ.

ವೈಫೈ ಜಗಳ ಇನ್ನೊಂದು. ವೈಫೈನಲ್ಲಿ ಆಡುವವರನ್ನು ದೂರ ಇಡುವ ಫಿಲ್ಟರ್ ಬೇಕು ಅಂತ ಒಂದು ಗುಂಪು. ಅವರ ವಾದ ತಾಂತ್ರಿಕವಾಗಿ ಸರಿ. ವೈಫೈನ ತೊಂದರೆ ವೇಗದ್ದಲ್ಲ, ಏರಿಳಿತದ್ದು. ಸ್ಥಿರವಾದ 80 ಮಿಲಿಸೆಕೆಂಡ್ ಪಿಂಗನ್ನು ರೋಲ್‌ಬ್ಯಾಕ್ ಸಂಭಾಳಿಸುತ್ತದೆ. 20ರಿಂದ 150ಕ್ಕೆ ಹಾರಿ ಮತ್ತೆ 20ಕ್ಕೆ ಇಳಿಯುವ ಪಿಂಗ್ ಇದ್ದರೆ ಎದುರಾಳಿ ಪರದೆಯಲ್ಲಿ ಜಿಗಿಯುತ್ತಾನೆ. ಆದರೆ ಬೆಂಗಳೂರಿನ ಪಿಜಿಯಲ್ಲಿ ಇರುವವನು ಎಲ್ಲಿಂದ ಲ್ಯಾನ್ ಕೇಬಲ್ ಎಳೆಯಬೇಕು? ರೂಟರ್ ಇರುವುದು ಓನರ್ ಮನೆಯಲ್ಲಿ, ಬೀಗದ ಒಳಗೆ. ಎದುರಾಳಿ ಯಾವ ಸಂಪರ್ಕದಲ್ಲಿದ್ದಾನೆ ಅಂತ ತೋರಿಸಿ, ಆಡುವುದು ಬಿಡುವುದು ಆಟಗಾರನಿಗೆ ಬಿಡಲಿ. ‘ಸ್ಟ್ರೀಟ್ ಫೈಟರ್ 6’, ‘ಟೆಕ್ಕನ್ 8’ ಎರಡೂ ವೈಫೈ ಗುರುತು ತೋರಿಸುತ್ತವೆ. ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಹತ್ತಿರದ ಎದುರಾಳಿಗಳೇ ಕಡಿಮೆ ಇರುವ ಕಡೆ ಫಿಲ್ಟರ್ ಮೇಲೆ ಫಿಲ್ಟರ್ ಹಾಕಿದರೆ ಕೊನೆಗೆ ಉಳಿಯುವುದು ಖಾಲಿ ಲಾಬಿ.

ಕರೆಂಟ್ ಹೋಗುವುದರ ಬಗ್ಗೆ ಅಮೆರಿಕ, ಯುರೋಪ್, ಜಪಾನಿನವರು ಯಾರೂ ಮಾತಾಡುವುದಿಲ್ಲ. ಸೋಲುವ ಹೊತ್ತಿಗೆ ಕೇಬಲ್ ಕಿತ್ತು ಓಡಿಹೋಗುವವರಿಗೆ ಶಿಕ್ಷೆ ಬೇಕು ಅಂತ ಎಲ್ಲರೂ ಕೇಳುತ್ತಾರೆ, ನ್ಯಾಯವೇ. ಆದರೆ ಮಳೆ ಶುರುವಾಗಿ ಟ್ರಾನ್ಸ್‌ಫಾರ್ಮರ್ ಢಂ ಅಂದಾಗ ಬಿಟ್ಟುಹೋದವನೂ ಕಂಪ್ಯೂಟರ್ ಕಣ್ಣಿಗೆ ಹೇಡಿಯೇ. ಒಂದು ಸಲಕ್ಕೆ ಎಚ್ಚರಿಕೆ, ಪದೇ ಪದೇ ಮಾಡಿದರೆ ಶಿಕ್ಷೆ ಅನ್ನುವ ಪದ್ಧತಿ ಇಲ್ಲಿನವರಿಗೆ ಉಳಿವಿನ ಪ್ರಶ್ನೆ. ಅಲ್ಲಿಯವರೆಗೆ ರೂಟರಿಗೊಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳುವುದು ಕ್ಷೇಮ.

ಆನ್‌ಲೈನ್ ಚೆನ್ನಾಗಿಲ್ಲದಿದ್ದರೆ ಆಟವೇ ಬೆಳೆಯುವುದಿಲ್ಲ ಅಂತ ಹೇಳಿದರೆ ಲಾಹೋರ್ ಅಡ್ಡ ಬರುತ್ತದೆ. 2019ರಲ್ಲಿ ಪಾಕಿಸ್ತಾನದ ಅರ್ಸಲಾನ್ ಆಶ್ ಇವೋ ಜಪಾನ್ ಮತ್ತು ಲಾಸ್ ವೇಗಸ್‌ನ ಇವೋ ಎರಡನ್ನೂ ‘ಟೆಕ್ಕನ್ 7’ರಲ್ಲಿ ಗೆದ್ದರು. ಆ ಆಟದ ನೆಟ್‌ಕೋಡ್‌ಗೆ ಒಳ್ಳೆಯ ಹೆಸರಿರಲಿಲ್ಲ. ಲಾಹೋರಿನ ಆರ್ಕೇಡ್ ಅಂಗಡಿಗಳಲ್ಲಿ ಭುಜಕ್ಕೆ ಭುಜ ತಾಗಿಸಿ ಆಡಿ ಬೆಳೆದ ಜನ ಅವರು. ನಮ್ಮಲ್ಲಿ ವಿಡಿಯೋ ಗೇಮ್ ಪಾರ್ಲರ್‌ಗಳು ಒಂದು ಕಾಲಕ್ಕೆ ಗಲ್ಲಿಗೊಂದು ಇದ್ದವು, ಈಗ ಇಲ್ಲ. ಇರುವ ಗೇಮಿಂಗ್ ಕೆಫೆಗಳಲ್ಲಿ ಶೂಟಿಂಗ್ ಆಟಗಳದ್ದೇ ದರ್ಬಾರು. ಹಾಗಾಗಿ ನಮ್ಮವರಿಗೆ ಆನ್‌ಲೈನ್ ಬಿಟ್ಟರೆ ಅಖಾಡವೇ ಇಲ್ಲ ಅಂದರೂ ನಡೆಯುತ್ತದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ‘ಸ್ಟ್ರೀಟ್ ಫೈಟರ್ 5’ ಪದಕದ ಆಟವಾಗಿತ್ತು, ಭಾರತದಿಂದಲೂ ಇಬ್ಬರು ಹೋಗಿದ್ದರು. ತಮಾಷೆ ಎಂದರೆ ಇವೋ ಟೂರ್ನಿಯಲ್ಲಿದ್ದ ತನ್ನ ಪಾಲನ್ನು ಸೋನಿ 2025ರಲ್ಲಿ ಭಾರತದ ನಾಡ್‌ವಿನ್ ಗೇಮಿಂಗ್ ಕಂಪನಿಗೆ ಮಾರಿತು. ಜಗತ್ತಿನ ದೊಡ್ಡ ಅಖಾಡದಲ್ಲಿ ಆಗ ಪಾಲು ನಮ್ಮವರದಾಯಿತು, ಅಭ್ಯಾಸ ಮಾಡಲು ಜೊತೆ ಮಾತ್ರ ಸಿಂಗಾಪುರದಿಂದ ಬರಬೇಕು.

ಖಾತೆ ಮತ್ತು ಕಾಸು

ಪ್ಲೇಸ್ಟೇಷನ್ ಖಾತೆಯ ಪ್ರಶ್ನೆಗೆ 2024ರ ಮೇ ತಿಂಗಳ ‘ಹೆಲ್‌ಡೈವರ್ಸ್ 2’ ಗಲಾಟೆಯೇ ಹಿನ್ನೆಲೆ. ಪಿಸಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಆ ಆಟಕ್ಕೆ ಸೋನಿ ಖಾತೆ ಜೋಡಿಸುವುದು ಕಡ್ಡಾಯ ಅಂತ ಸೋನಿ ಹೇಳಿತು. ಪ್ಲೇಸ್ಟೇಷನ್ ನೆಟ್‌ವರ್ಕ್ ಅಧಿಕೃತವಾಗಿ ಇಲ್ಲದ ದೇಶಗಳು ನೂರಕ್ಕೂ ಹೆಚ್ಚು. ಅಲ್ಲಿ ದುಡ್ಡು ಕೊಟ್ಟು ಆಟ ಕೊಂಡವರು ಏನು ಮಾಡಬೇಕು? ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಕೆಟ್ಟ ವಿಮರ್ಶೆಗಳು ಬಿದ್ದವು, ಸೋನಿ ಹಿಂದೆ ಸರಿಯಿತು. ಭಾರತದಲ್ಲಿ ಪ್ಲೇಸ್ಟೇಷನ್ ನೆಟ್‌ವರ್ಕ್ ಇದೆ, ನಮಗೆ ಇದು ಒಂದು ಪಾಸ್‌ವರ್ಡ್ ಜಾಸ್ತಿ ಅಷ್ಟೇ. ಆದರೆ ಯಾವ ದೇಶದಲ್ಲಿ ಆಟ ಮಾರಾಟ ಆಗುವುದಿಲ್ಲವೋ ಅಲ್ಲಿನ ಎದುರಾಳಿಗಳು ನಮಗೂ ಸಿಗುವುದಿಲ್ಲ. ತೋಕೊನ್‌ಗೆ ಬಹಳ ಜನ ಬೇಕು. ನಾಲ್ವರ ತಂಡ ಕಲಿಯುವುದು ಸುಲಭ ಅಲ್ಲ, ಹೊಸಬನಿಗೆ ಹೊಸಬನೇ ಎದುರಾಗಬೇಕಾದರೆ ಸರತಿಯಲ್ಲಿ ಜನ ಇರಬೇಕು. ಅದಕ್ಕೇ ಖಾತೆಯ ಗಲಾಟೆಯನ್ನು ನಾನು ನೆಟ್‌ಕೋಡ್‌ನಷ್ಟೇ ದೊಡ್ಡ ಆನ್‌ಲೈನ್ ಸಮಸ್ಯೆ ಅಂತ ನೋಡುತ್ತೇನೆ.

ಇನ್ನು ಕಾಸಿನ ಮಾತು. ದೊಡ್ಡ ಪಿಎಸ್5 ಆಟ ಅಂದರೆ ಇಲ್ಲಿ ಐದು ಸಾವಿರ ರೂಪಾಯಿ ಆಸುಪಾಸು. ಸ್ಟೀಮ್‌ನಲ್ಲಿ ಕೊಂಡವರು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ 14 ದಿನದೊಳಗೆ ಹಣ ವಾಪಸ್ ಕೇಳಬಹುದು. ಎರಡು ಗಂಟೆಯಲ್ಲಿ ಹತ್ತು ಹದಿನೈದು ಆನ್‌ಲೈನ್ ಪಂದ್ಯ ಆಡಿದರೆ ರಾತ್ರಿ ಹತ್ತು ಗಂಟೆಗೆ ಇಲ್ಲಿಂದ ಯಾರು ಸಿಗುತ್ತಾರೆ, ಆಟ ಹೇಗೆ ಓಡುತ್ತದೆ ಅಂತ ತಿಳಿದುಹೋಗುತ್ತದೆ. ಪ್ಲೇಸ್ಟೇಷನ್ ಅಂಗಡಿಯಲ್ಲಿ ಆ ಸೌಲಭ್ಯ ಇಲ್ಲ. ಡೌನ್‌ಲೋಡ್ ಶುರುವಾದ ಮೇಲೆ, ಆಟವೇ ಕೆಟ್ಟಿದ್ದರೆ ಹೊರತು, ಹಣ ವಾಪಸ್ ಬರುವುದಿಲ್ಲ. ಆಟ ಬರುತ್ತಿರುವುದು ಸೋನಿಯದೇ ಹೆಸರಿನಲ್ಲಿ. ಹಾಗಿರುವಾಗ ಅದರದೇ ಕನ್ಸೋಲ್ ಕೊಂಡವರಿಗೆ, ಬಿಡುಗಡೆಗೆ ಮೊದಲು ಎಲ್ಲರಿಗೂ ತೆರೆದ ಒಂದು ಆನ್‌ಲೈನ್ ಬೀಟಾ ಕೇಳುವುದು ದುಬಾರಿ ಬೇಡಿಕೆಯೇನಲ್ಲ.